ಮರಳಿದ್ದರ ಲೆಕ್ಕ

ಮಸಿ ಕೇಳಿಕೊಂಡು ಭಟ್ಟಿಗೆ ಬಂದವಳು
ನಾನೇ ಮೊದಲಂತೆ.
'ಮಂಡಕ್ಕಿ ಬಿಟ್ಟು ಮಸಿ ಕೇಳ್ತಿಯಲ್ಲವ್ವ' ಅಂದಳು ಹಸೀನಾಬಿ,
ಸುಟ್ಟ ಹೊಟ್ಟಿನ ಕರಿಯನ್ನು
ಹಳೇ ಎಣ್ಣೆ ಡಬ್ಬಿಗೆ ತುಂಬುತ್ತ.
ದುಡ್ಡು ಬೇಡವೆಂದಳು.
ಒಂದು ಸೇರು ಮಂಡಕ್ಕಿಯದು ಮಾತ್ರ ಎಣಿಸಿ ತಗೊಂಡಳು.

ದಾವಣಗೆರೆಯಲ್ಲಿ ರಾತ್ರಿ ಮೂರಕ್ಕೆ
ನನಗೆ ಗೊತ್ತಿದ್ದಂತೆ ಎಚ್ಚರವಿರುವುದು ಎರಡೇ:
ಆ ಓಣಿಯ ಬಾಣಲೆಗಳು,
ಕಾಲೇಜಿನ ಎರಡನೇ ಮಹಡಿಯಲ್ಲಿ ನನ್ನ ಕಂಪ್ಯೂಟರು.
ಅಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ
ಒಂದೇ ಉಸಿರಿಗೆ ಅರಳುತ್ತದೆ.
ಇಲ್ಲಿ ಎಂಬತ್ತು ಗೋಡೆಗಳು ಹುಟ್ಟುತ್ತವೆ,
ಬರೀ ಅಂಕಿಯ ಗೋಡೆಗಳು:
ಐದು ಪದರ, ಪದರಕ್ಕಿಷ್ಟು ದಪ್ಪ, ಇಷ್ಟು ಮಸಿ.
ಎರಡು ಗಿಗಾಹರ್ಟ್ಸ್‌ನಿಂದ ಹದಿನೆಂಟರವರೆಗೆ
ಬಂದ ಅಲೆಯನ್ನೆಲ್ಲ ಎದುರುಗೊಂಡು
ಹೆಚ್ಚು ಹಿಂದಕ್ಕೆಸೆದ ಗೋಡೆ ಸಾಯುತ್ತದೆ.
ಉಳಿದವು ಕೂಡುತ್ತವೆ. ಮೊದಲೆರಡು ಪದರ ಇದರದು,
ಕೊನೆಯ ಮೂರು ಅದರದು.
ನೂರಕ್ಕೆ ಎರಡು ಸಲ, ಕಾರಣವಿಲ್ಲದೆ,
ಒಂದು ಅಂಕಿ ಕೆಡಬೇಕು. ಹಾಗಂತ ನಾನೇ ಬರೆದಿದ್ದೇನೆ.
ಕೆಡದಿದ್ದರೆ ವಂಶ ನಿಂತಲ್ಲೇ ನಿಲ್ಲುತ್ತದೆ.

ಜರಡಿ ಹಿಡಿದವಳಿಗೆ ಇದನ್ನೆಲ್ಲ ಹೇಳಿದೆ.
'ಮರಳು ಕೆಳಗ, ಮಂಡಕ್ಕಿ ಮ್ಯಾಲ. ಇಷ್ಟ ಹೌದಿಲ್ಲ?'
ಮೂರು ವರ್ಷದ ಓದು.
ಇಷ್ಟ. ಹೌದು.

ಇನ್ನೂರನೇ ತಲೆಮಾರಿಗೂ ಆರೂಕಾಲರ ಹತ್ತಿರ ಒಂದು ದಿಬ್ಬ.
ಎಲ್ಲ ಕಡೆ ತಗ್ಗಿದ ಗೆರೆ ಅಲ್ಲಿ ತಲೆಯೆತ್ತುತ್ತದೆ,
ಯಾರದೋ ಒಂದೇ ಒಂದು ಹೆಸರಿಗೆ
ರೇಗುವ ಮನುಷ್ಯನ ಹಾಗೆ.
ಮಸಿ ಹೆಚ್ಚಿಸಿದೆ. ದಿಬ್ಬ ಇನ್ನಷ್ಟು ಬೆಳೆಯಿತು.
ಕಪ್ಪು ನುಂಗುತ್ತದೆ ಅಂದುಕೊಂಡಿದ್ದೆ;
ಮೇಲ್ಮೈಗೇ ಮಸಿ ತುಂಬಿದರೆ
ಅಲೆಗೆ ಅದು ಕನ್ನಡಿ.

ಅವತ್ತು ಭಟ್ಟಿಯಲ್ಲಿ ಜಗಳ. ಹಮಾಲಿ ಕರಿಬಸಪ್ಪ
ಕೂಲಿ ಲೆಕ್ಕದಲ್ಲಿ ಮೋಸವೆಂದು ಬಾಗಿಲಲ್ಲೇ ಶುರು ಮಾಡಿದ.
'ಹೌದೇನಪ್ಪಾ' ಅಂದಳು ಹಸೀನಾಬಿ.
ಇಲ್ಲ ಅನ್ನಲಿಲ್ಲ. ಕೈ ನಿಲ್ಲಿಸಲಿಲ್ಲ.
ಅವನು ಕೂಗಿದ, ಒಳಗೆ ಬಂದು ಕೂಗಿದ, ಕೂತು ಕೂಗಿದ,
ಚಹಾ ಬರುವ ಹೊತ್ತಿಗೆ
ಮಗಳ ಬಾಣಂತನದ ಮಾತಾಡುತ್ತಿದ್ದ.

ಹೊರಗಿನ ಪದರ ಗಾಳಿಯಂತಿರಬೇಕು.
ಮುನ್ನೂರ ಎಪ್ಪತ್ತೇಳು ಓಂ. ಪರೀಕ್ಷೆಯಲ್ಲಿ ಬರೆದು
ಅಂಕ ತಗೊಂಡವಳು ನಾನು.
ಗೋಡೆ ಹೊಕ್ಕೆನೆಂಬುದೇ
ಅಲೆಗೆ ತಿಳಿಯಬಾರದು.
ಆ ಪದರದ ಮಸಿಗೆ ಮಿತಿ ಹಾಕಿ
ಮಂಡಕ್ಕಿಯಷ್ಟು ಟೊಳ್ಳಾಗಲು ಬಿಟ್ಟೆ.

ಮುನ್ನೂರ ಹನ್ನೊಂದನೇ ತಲೆಮಾರು. ದಿಬ್ಬ ಮಲಗಿತು.
ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು
ಎಲ್ಲೂ ಮರಳುತ್ತಿಲ್ಲ.
ರುದ್ರಮುನಿ ಸರ್‌ಗೆ ಮೆಸೇಜು ಹಾಕಿದೆ.
ಒಂದು ಹೆಬ್ಬೆರಳು ಬಂತು.

ಬೆಳಗಿನ ಜಾವ ಓಣಿಗೆ ಹೋದೆ, ಇನ್ನೊಂದು ಡಬ್ಬಿ ಮಸಿಗೆ.
'ಒಳಗ ಹೋಗಿದ್ದು ಏನಾಗ್ತೈತಿ?'
'ಬಿಸಿ ಆಗ್ತೈತಿ. ಗೊತ್ತಾಗೋ ಅಷ್ಟಲ್ಲ.'
'ಯಾರಿಗೆ?' ಅಂದಳು,
ಬಾಣಲೆಗೆ ಬೊಗಸೆ ಅಕ್ಕಿ ಸುರಿದು.

ನಾನು ಬರೆದ ಸೂತ್ರದಲ್ಲಿ
ಮರಳಿದ್ದಕ್ಕೆ ಮಾತ್ರ ಲೆಕ್ಕ.
ಉಳಿದದ್ದಕ್ಕೆ ಒಂದು ಅಕ್ಷರವನ್ನೂ ಇಟ್ಟಿಲ್ಲ.
ಹೇಳಲು ಬಾಯಿ ತೆರೆದೆ;
ಅವಳಾಗಲೇ ಡಬ್ಬಿ ಕೈಗಿತ್ತಿದ್ದಳು,
ಕಾಲೇಜು ಮುಟ್ಟುವವರೆಗೂ
ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಡೆದೆ.