ಪಾಸ್

ಕೋಡಿಬಾಗದ ಇಗರ್ಜಿ ಶಾಲೆ, ಮೂರನೇ ಇಯತ್ತೆಯ ಕೋಣೆ.
ಬೆಂಚು ಮೊಣಕಾಲಿಗಿಂತ ಕೆಳಗೆ.
ಬಾಗಿಲಲ್ಲಿ ನಿಂತೇ ತಲೆ ಎಣಿಸಿದೆ,
ಇಪ್ಪತ್ತೆರಡು ವರ್ಷದ ಚಾಳಿ.
ಎಂಟು.
ನನ್ನನ್ನೂ ಹಿಡಿಯಬೇಕೇನೋ, ಗೊತ್ತಾಗಲಿಲ್ಲ.
ಬಸ್ಸಿನಲ್ಲಿ ಕಂಡಕ್ಟರನನ್ನು ಯಾರೂ ಎಣಿಸುವುದಿಲ್ಲ.

ಕರಿಹಲಗೆಯ ಮೇಲೆ ಏಳರ ಮಗ್ಗಿ,
ಅರ್ಧ ಒರೆಸಿದ್ದು.
ಚಹಾಕ್ಕೆ ಶುಂಠಿ ಹೆಚ್ಚಾಗಿತ್ತು.

ಕಿಟಕಿ ಪಕ್ಕ ಕೂತವನ ಗುರುತು ಮೊದಲು ಹತ್ತಲಿಲ್ಲ,
ಖಾಕಿ ಇರಲಿಲ್ಲವಲ್ಲ.
ಮಾಜಾಳಿ ನಾಕೆಯ ಉಲ್ಲಾಸ.
ಅವನು ಬಸ್ಸು ಹತ್ತಿದರೆ ಸಾಕು
ನಾನು ಮಷೀನಿನ ಮೇಲೆ ಬಗ್ಗಿ
ಇಲ್ಲದ ಟಿಕೇಟು ಹರಿಯುತ್ತಿದ್ದೆ.
ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಳಗೆ
ಹತ್ತಿ, ಟಿಂಕ್ಚರು ಇರಬೇಕಾದಲ್ಲಿ
ಪೋಳೆಯ ಕ್ವಾರ್ಟರು ಎರಡು.
ಅವನು ಹೆಂಗಸರ ಮೀನುಬುಟ್ಟಿ ಕೆದಕುತ್ತಿದ್ದ,
ಗೋಣಿ ತಟ್ಟಿ ನೋಡುತ್ತಿದ್ದ,
ಆ ಪೆಟ್ಟಿಗೆ ಒಂದು ದಿನವೂ ತೆರೆಯಲಿಲ್ಲ.

ಈಗ ಅಂಗೈ ನೋಡಿಕೊಳ್ಳುತ್ತ ಹೇಳುತ್ತಿದ್ದಾನೆ:
ಹಿಡಿದದ್ದನ್ನೆಲ್ಲ ಬರೆಯುತ್ತಿದ್ದೆ,
ಬರೆದದ್ದನ್ನೆಲ್ಲ ಒಪ್ಪಿಸುತ್ತಿರಲಿಲ್ಲ.
ಇವತ್ತಿಗೆ ಇನ್ನೂರ ಹನ್ನೊಂದು ದಿನ.

ಚಪ್ಪಾಳೆ ಇಲ್ಲ.
ಯಾರೋ ಬಿಸ್ಕೀಟಿನ ತಟ್ಟೆ ಅವನ ಕಡೆ ಸರಿಸಿದರು.

ಆಮೇಲೆ ಬೈತಕೋಲದ ಶೇವಂತಿ.
ಮೀನು ಕೊಯ್ದು ಕೊಯ್ದು ಬೆರಳ ತುಂಬ ಗೀರು.
ಗಂಡ ಕುಡಿಯುತ್ತಾನೆಂದು ಕೇರಿಯೆಲ್ಲ ಅನ್ನುತ್ತಿತ್ತು,
ನಾನೂ ಹಾಗೇ ಅನ್ನುತ್ತಿದ್ದೆ.
ಅವನು ಹೋಗಿ ನಾಲ್ಕು ವರ್ಷ,
ಬಾಟಲಿ ಬರಿದಾಗುವುದು ನಿಲ್ಲಲೇ ಇಲ್ಲ ನೋಡಿ.
ಎಲ್ಲರೂ ನಕ್ಕರು. ಅವಳೂ.
ಇಲ್ಲಿ ನಗಬಹುದೆಂದು
ನನಗೆ ಯಾರೂ ಹೇಳಿರಲಿಲ್ಲ.

ಸರದಿ ಬೆಂಚು ದಾಟಿ ದಾಟಿ ಬಂತು.
ಐಸ್ ಫ್ಯಾಕ್ಟರಿಯ ಇನಾಸ ಅಂದ:
ಹೊಸಬರು. ಮನಸ್ಸಿದ್ದರೆ ಮಾತಾಡಿ,
ಇಲ್ಲವಾದರೆ ಪಾಸ್ ಅನ್ನಿ, ಸಾಕು.

ಪಾಸ್.
ದಿನಕ್ಕೆ ನೂರು ಸಲ ಕೇಳುವ ಮಾತು.
ಕಾಲೇಜು ಹುಡುಗರು ಮೊಬೈಲಿನಿಂದ ತಲೆ ಎತ್ತದೆ
ಎಸೆಯುವ ಮಾತು.
ತೋರಿಸು, ಅನ್ನುತ್ತಿದ್ದೆ.
ತೋರಿಸಿದರೆ ತಾರೀಖು ನೋಡುತ್ತಿದ್ದೆ.
ಹೋದ ಜೂನಿನಲ್ಲಿ ಒಬ್ಬನದು ಎರಡು ದಿನ ಮೀರಿತ್ತು.
ಸೇತುವೆಯ ಬಾಯಲ್ಲೇ ಇಳಿಸಿದೆ ಅವನನ್ನು,
ಅಡ್ಡಮಳೆ, ಕೊಡೆಯಿಲ್ಲ.
ಹನ್ನೊಂದು ಗಂಟೆಗಾಗಲೇ ನನ್ನದು ಒಂದು ಮುಗಿದಿತ್ತು,
ನ್ಯಾಯ ಜೋರಾಗಿತ್ತು ನನ್ನ ಬಾಯಲ್ಲಿ.
ಅವನು ನಮ್ಮ ಸ್ನೇಹಲಳ ಕ್ಲಾಸಿನವನಂತೆ.
ಅವಳು ಮನೆಯಲ್ಲಿ ಏನೂ ಅನ್ನಲಿಲ್ಲ.
ಮರುದಿನ ನನ್ನ ಬಸ್ಸು ಸ್ಟಾಪಿಗೆ ಬಂದಾಗ
ಬೇರೆ ಕಡೆ ನೋಡುತ್ತ ನಿಂತಳು.
ಹಿಂದಿನ ಬಸ್ಸಿಗೆ ಹತ್ತಿದಳು.
ಅಲ್ಲಿಂದ ದಿನಾ ಹಾಗೆಯೇ,
ಇಪ್ಪತ್ತು ನಿಮಿಷ ತಡವಾಗಿ.

ಇದಿಷ್ಟನ್ನು ಹೇಳಬಹುದಿತ್ತು.
ನಾಲಿಗೆಯ ತನಕ ಬಂದೂ ಇತ್ತು.
ಪಾಸ್, ಅಂದೆ.

ತೋರಿಸು ಅನ್ನಲಿಲ್ಲ ಯಾರೂ.

ಹೊರಗೆ ಚಪ್ಪಲಿ ಹುಡುಕುವಾಗ ಉಲ್ಲಾಸ ಹತ್ತಿರ ಬಂದ.
ನಿಮ್ಮದು ಔಷಧಿ ಪೆಟ್ಟಿಗೆಯಲ್ಲಿ, ಅಲ್ಲವೋ?
ಗೊತ್ತಿತ್ತಾ?
ನಂದು ಜೀಪಿನ ಔಷಧಿ ಪೆಟ್ಟಿಗೆಯಲ್ಲಿತ್ತು, ಅಂದ.
ಶುಕ್ರವಾರ ಬರ್ತೀರಲ್ಲ?
ಡ್ಯೂಟಿ ನೋಡಬೇಕು, ಅಂದೆ.
ಡ್ಯೂಟಿ ಇಲ್ಲ ನನಗೆ, ಸಸ್ಪೆಂಡಾಗಿ ಹದಿನಾರು ದಿನ.
ಅದೂ ಅವನಿಗೆ ಗೊತ್ತಿದ್ದಿರಬೇಕು.

ಕೊನೇ ಬಸ್ಸು ಗಡಿ ದಾಟಿ ಹೋಗುವಂಥದ್ದು.
ಸದಾಶಿವಗಡಕ್ಕೊಂದು, ಅಂದೆ.
ನಿಮಗ್ಯಾಕೆ ಸರ್, ಅಂದ ಎಳೆ ಮೀಸೆಯ ಕಂಡಕ್ಟರು,
ಉಸಿರು ಹಿಡಿದು, ಸ್ವಲ್ಪ ದೂರ ನಿಂತು,
ನನ್ನ ವಾಸನೆಯ ಅಭ್ಯಾಸ ಇದ್ದವನು.
ಹರಿ, ಅಂದೆ.
ಬೆಚ್ಚಗಿನ ಚೀಟಿ ಬಂತು. ಈ ಟ್ರಿಪ್ಪಿಗೆ ಮಾತ್ರ.

ಹಳೆಯದು ಕುಸಿದ ಮೇಲೆ
ಹೋಗುವವರಿಗೂ ಬರುವವರಿಗೂ ಒಂದೇ ಸೇತುವೆ.
ಎದುರಿನ ಲಾರಿಗೆ ದಾರಿ ಬಿಟ್ಟು
ನಿಧಾನಕ್ಕೆ ದಾಟಿದೆವು.
ಕಾಳಿಯ ಮೇಲೆ ಒಂದೇ ಒಂದು ದೋಣಿಯ ದೀಪ.
ನನ್ನ ಕೈ, ಜೇಬಿನೊಳಗೆ, ಇನ್ನೂ ನಡುಗುತ್ತಿತ್ತು.

ಗಡದ ಸ್ಟಾಪಿನಲ್ಲಿ ಇಳಿದೆ.
ರೈಟ್, ಅಂದ ಹುಡುಗ.
ಬಸ್ಸು ಪೋಳೆಯ ಕಡೆ ಹೋಯಿತು,
ನನ್ನನ್ನು ಬಿಟ್ಟು.