ಆರನೆಯವನು ಬರುವ ಹೊತ್ತು

ಟಿಜ್ನಿತ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೂ ಗಂಟೆ ಕೇಳುವುದಿಲ್ಲ.
ಎಷ್ಟು ಜನ ಆದರು, ಅಂತಾರೆ.
ಹಿಂದೆ ನಾಲ್ವರು, ನನ್ನ ಪಕ್ಕ ಇಬ್ಬರು,
ಆರನೆಯವನು ಬಂದು ಬಾಗಿಲೆಳೆದುಕೊಂಡರೆ
ಅದೇ ಮುಹೂರ್ತ. ತಾಫ್ರೌತ್‌ಗೆ ಹೊರಡು.

ಹೀಗಿರುವಾಗ ಈ ಮುದಿ ಮರ್ಸಿಡಿಸ್‌ನ ಗಡಿಯಾರ
ಹನ್ನೊಂದು ವರ್ಷದಿಂದ ಎರಡೂ ಇಪ್ಪತ್ತರಲ್ಲೇ ಕೂತಿದ್ದರೆ
ಯಾರ ಗಂಟೇನು ಹೋಯಿತು?

ಹೊಸ ಬಿಳಿ ವ್ಯಾನಿನ ಸಾಲದ ಕಾಗದ ಬಂದಾಗಿದೆ.
ಬರುವ ಸೋಮವಾರ ಇದನ್ನು ಒಪ್ಪಿಸಬೇಕು,
ಒತ್ತಿ ಹಪ್ಪಳ ಮಾಡುತ್ತಾರಂತೆ.
'ಕಸಾಯಿಗೆ ಹೊರಟ ಹೇಸರಗತ್ತೆಗೆ ಲಾಳ ಹೊಡೆಸ್ತೀಯಲ್ಲ'
ಅಂದಳು ತೂದಾ.
ಒಪ್ಪಿಸುವಾಗ ಆ ಗುಮಾಸ್ತ
'ಗಡಿಯಾರ ಕೆಟ್ಟಿದೆ' ಅಂತ ಬರೆಯಬಾರದು.
ಅಷ್ಟೇ.

ಗುಜರಿಯ ಬೂಶೈಬ್ ಅರವತ್ತು ದಿರ್ಹಮ್ ಅಂದ,
ನಲವತ್ತಕ್ಕಿಳಿದ,
ಚಹಾ ಕುಡಿಸಿ ಮತ್ತೆ ಐವತ್ತಕ್ಕೇರಿದ.

ಸೈಕಲ್ ಕಡ್ಡಿ ಎರಡು, ತುದಿ ಬಗ್ಗಿಸಿ ಕೊಕ್ಕೆ ಮಾಡಿ
ಮೀಟರಿನ ಅಂಚಿನ ಸಂದಿಗೆ ತೂರಿಸಿದೆ.
ಜೋರು ಮಾಡಿದರೆ ಬಿರುಕು.
ಅತ್ತ ಚೂರು, ಇತ್ತ ಚೂರು,
ಮಗುವಿನ ಹಾಲುಹಲ್ಲು ಅಲ್ಲಾಡಿಸಿದ ಹಾಗೆ,
ಬಾ, ಬಾ, ಅನ್ನುತ್ತ.
ಬಂತು.
ಹಿಂದಕ್ಕೆ ಕೈ ಹಾಕಿ ಕೇಬಲ್ಲಿನ ತಿರುಪು ಬಿಚ್ಚುವಾಗ
ಕಣ್ಣು ಮುಚ್ಚಿದ್ದೆ. ಬೆರಳೇ ನೋಡುತ್ತಿತ್ತು.

ಒಳಗೆ ಕೆಂಪು ಮರಳು, ಜರಡಿ ಹಿಡಿದಷ್ಟು ನುಣ್ಣಗೆ.
ಒಂದು ಬಾದಾಮಿ ಸಿಪ್ಪೆ.
ಇಪ್ಪತ್ತು ಸಾಂತೀಮಿನ ನಾಣ್ಯ ಒಂದು.
ಇಂಥದೇ ಇಪ್ಪತ್ತು ಸಾಂತೀಮಿಗೆ ಯಾವನನ್ನೋ
ಅಂಗಿ ಹಿಡಿದು ಇಳಿಸಿದ್ದೆ ಒಮ್ಮೆ,
ಕೊಟ್ಟೆ ಕೊಟ್ಟೆ ಅನ್ನುತ್ತಲೇ ಇದ್ದ.
ಇದು ಅದಲ್ಲ.
ಬೇರೆ ಇರಬೇಕು.

ಮೂರು ಸ್ಕ್ರೂ ಬಿಚ್ಚಿದೆ, ಒಂದು ಸೀಟಿನಡಿ ಉರುಳಿ ಹೋಯಿತು.
ಎರಡರಲ್ಲೇ ನಿಂತಿತು ಹೊಸದು.
ಹೊಸದೇನು, ಅದೂ ಯಾವುದೋ ಸತ್ತ ಕಾರಿನದು,
ಒಂಬತ್ತಕ್ಕೆ ಕಾಲು ಗಂಟೆ ಇದೆ ಅಂತ
ಯಾರಿಗೋ ಹೇಳುತ್ತ ನಿಂತಿತ್ತು.
ತಂತಿ ಸಿಕ್ಕಿಸಿದೆ. ಟಿಕ್.
ಅಸರ್‌ನ ಬಾಂಗ್ ಕೇಳಿ ಮುಳ್ಳು ತಿರುಗಿಸಿದೆ.

ಸಂಜೆ ಐವರಾದರು.
ಆರನೆಯವನ ಸುಳಿವಿಲ್ಲ.
ಎಂಜಿನ್ ಆರಿಸಿದ ಮೌನದಲ್ಲಿ
ಅದೊಂದೇ ನಡೆಯುತ್ತಿತ್ತು, ನಾನು ಕೇಳುತ್ತ ಕೂತಿದ್ದೆ,
ಖುಷಿಯಾಗಿಯೇ.

ಇಪ್ಪತ್ತು ವರ್ಷದಿಂದ ಈ ಕಾರಿನಲ್ಲಿ
ಬಾಯಿ ಬಿಚ್ಚದೆ ಕಾದ ಬೆಳ್ಳಿ ಕೆಲಸದ ಬಿಹಿ
ಹಿಂದಿನ ಸೀಟಿಂದ ಕತ್ತು ಚಾಚಿದ:
'ಏ ಹಮ್ಮೂ, ನಾವು ಹತ್ತಿ ಐವತ್ತು ನಿಮಿಷ ಆಯ್ತಲ್ಲೋ!'
ಉಳಿದ ನಾಲ್ವರೂ ಬಗ್ಗಿ ನೋಡಿದರು.
ಹೌದಲ್ಲ, ಅಂದರು.
ಒಬ್ಬ ಇಳಿಯಲು ಬಾಗಿಲಿಗೆ ಕೈ ಹಾಕಿದ.

ಟೋಪಿ ತೆಗೆದು ಮೀಟರಿಗೆ ಮುಚ್ಚಿದೆ.
ಟೋಪಿಯೊಳಗಿಂದ
ಟಿಕ್.