ತಿರುಪಿನ ಸಡಿಲು

ಕೈ ನಡುಗತೊಡಗಿದ್ದು ಮೊದಲು ಕಾಫಿಗೆ ಗೊತ್ತಾಯಿತು,
ಆಮೇಲೆ ಸಹಿಗೆ,
ಕಟ್ಟಕಡೆಗೆ ನನಗೆ.

ವರ್ಕೌಸಿನ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬೇರಿಂಗು ಕೂರಿಸಿದ ಕೈ.
ಈಗ ಗ್ಯಾರೇಜಿನ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ
ಮೀನುಗಾಳದ ರಾಟೆ ಕೊರೆಯುತ್ತದೆ.
ಕೊರೆಯುತ್ತಿತ್ತು.
ಮೊನ್ನೆ ಒಂದು ಹಿತ್ತಾಳೆ ಬಿಲ್ಲೆ ಹಾಳು,
ಅದರ ಹಿಂದಿನ ವಾರ ಎರಡು.

"ಮೋಟಾರು ಹಾಕಿಬಿಡೋಣ" ಅಂದಳು ಹೆಲ್ಕಾ,
ದಂತವೈದ್ಯರಿಗೆ ಪಿಂಗಾಣಿ ಹಲ್ಲು ಮಾಡಿಕೊಡುವವಳು,
ಕೂದಲೆಳೆಗಿಂತ ಸಣ್ಣದರ ಜೊತೆ ದಿನವಿಡೀ ಮಾತಾಡುವವಳು.
ನಾನು ಮೂರು ದಿನ ಉತ್ತರ ಕೊಡಲಿಲ್ಲ.
ನಾಲ್ಕನೆಯ ದಿನ ಸ್ಪ್ಯಾನರ್ ಹುಡುಕಿದೆ.

ಕೈಚಕ್ರ ಕಳಚಿದೆವು. ಅದರ ಹಿಡಿಯ ಮೇಲೆ
ನನ್ನ ಹೆಬ್ಬೆಟ್ಟಿನ ಸವಕಲು.

ಮೋಟಾರು ಕೂರಿಸಲು ಅಲ್ಯೂಮಿನಿಯಂ ತಟ್ಟೆ ಬೇಕು;
ತಟ್ಟೆ ಕೊರೆಯಲು ಅದೇ ಯಂತ್ರ ಬೇಕು.
ಕಳಚಿದ ಚಕ್ರ ಮತ್ತೆ ತೊಡಿಸಿದೆವು.
ತನ್ನ ಕೈ ತೆಗೆಸಿಕೊಳ್ಳಲು ಬೇಕಾದ್ದನ್ನು
ಯಂತ್ರ ತಾನೇ ಕೊರೆದುಕೊಟ್ಟಿತು.
ತಿರುಗಿಸಿದ್ದು ಅವಳು, ಅಳತೆ ಕೂಗಿದ್ದು ನಾನು.
ಬಾಯಿ ಇನ್ನೂ ನಡುಗುತ್ತಿರಲಿಲ್ಲ.

ಫೆಬ್ರುವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಎಣ್ಣೆ ಹೆಪ್ಪುಗಟ್ಟಿ ಜೇನಿನಂತಾಗಿ
ಮೋಟಾರು ಹೆಜ್ಜೆ ತಪ್ಪಿ ಮುಗ್ಗರಿಸಿತು.
ಎಲ್ಲಿದ್ದೇನೆಂದು ಗೊತ್ತಿಲ್ಲದೆಯೂ
ಗೊತ್ತು ಎಂದಿತು ಪರದೆ.
ಹೀಟರ್ ಹಚ್ಚಿ ಒಂದು ಗಂಟೆ ಕಾದೆವು.

ಕಟರಿನ ಬದಲು ಪೆನ್ನು ಸಿಕ್ಕಿಸಿ
ನಾಣ್ಯದಷ್ಟು ವೃತ್ತ ಬರೆ ಎಂದೆವು.
ಬರೆಯಿತು:
ನಾಲ್ಕೂ ದಿಕ್ಕಿಗೆ ಚಪ್ಪಟೆ,
ಯಾರೋ ಅಂಚು ಒತ್ತಿ ಹೋದ ರೊಟ್ಟಿ.

ತಿರುಪಿನಲ್ಲಿ ಸಡಿಲು. ನನಗೇನು ಹೊಸದಲ್ಲ.
ಚಕ್ರ ಹಿಂದಕ್ಕೆ ತಿರುಗಿಸಿದರೆ ಮೊದಲ ಒಂದಿಷ್ಟು ಬರೀ ಪೊಳ್ಳು,
ಮೇಜು ಅಲ್ಲಾಡುವುದಿಲ್ಲ.
ಇಷ್ಟು ವರ್ಷ ಆ ಪೊಳ್ಳನ್ನು ನನ್ನ ಮಣಿಕಟ್ಟು
ಲೆಕ್ಕವಿಲ್ಲದೆ ದಾಟುತ್ತಿತ್ತು,
ಕತ್ತಲಲ್ಲಿ ಹೊಸಿಲು ದಾಟುವ ಹಾಗೆ.
ಈಗ ಪರದೆ ಕೇಳುತ್ತಿದೆ: ಎಷ್ಟು?
ಡಯಲ್ ಗೇಜ್ ಇಟ್ಟು ನೋಡಿದಳು.
ಸೊನ್ನೆ ಬಿಂದು ಮೂರು ಎಂಟು.
ಇಷ್ಟೇನಾ, ಅಂದೆ.
ಇಷ್ಟೇ, ಅಂದಳು, ಗುಂಡಿ ಒತ್ತಿದಳು.

ಎರಡನೆಯ ವೃತ್ತ ದುಂಡಗಿತ್ತು.

ಖುಷಿಪಟ್ಟೆ, ಸುಳ್ಳಲ್ಲ.
ಮೊದಲ ರಾಟೆ ಕೊರೆಯುವಾಗ ಹಿತ್ತಾಳೆ ರವೆಯ ಹಾಗೆ ಉದುರುತ್ತಿತ್ತು,
ನಾನು ಕೈಕಟ್ಟಿ ನಿಂತಿದ್ದೆ,
ಕಂಕುಳಲ್ಲಿ ಬೆರಳುಗಳು ತಮ್ಮ ಪಾಡಿಗೆ ನಡುಗುತ್ತಿದ್ದವು.
ಶಬ್ದ ಕೆಟ್ಟರೆ ಒತ್ತಲು ಕೆಂಪು ಗುಂಡಿಯೊಂದು ನನ್ನ ಪಾಲಿಗೆ.
ಶಬ್ದ ಕೆಡುವುದು ನನಗಿಂತ ಮೊದಲು ಯಾರಿಗೂ ಕೇಳಿಸದು.

ಕೈಚಕ್ರ ಎಸೆಯಲಾಗಲಿಲ್ಲ.
ಸೌನಾದ ಹೊಗೆಕೊಳವೆಯ ಮುಚ್ಚಳಕ್ಕೆ ಹಾಕಿದೆ.
ಶನಿವಾರ ಸಂಜೆ ಹೆಬ್ಬೆಟ್ಟು ಸವಕಲನ್ನು ತಾನೇ ಹುಡುಕಿಕೊಳ್ಳುತ್ತದೆ,
ತಿರುಗಿಸುತ್ತೇನೆ, ಅರ್ಧ ಸುತ್ತು, ಹೆಚ್ಚೂಕಡಿಮೆ.
ಬರ್ಚ್ ಕಟ್ಟಿಗೆ ಉಸಿರೆಳೆದುಕೊಳ್ಳುತ್ತದೆ.
ಎಷ್ಟು ತೆರೆದೆ, ಎನ್ನುತ್ತಾಳೆ ಒಳಗಿನಿಂದ.
ಸಾಕಷ್ಟು.